ಬೆನ್ನುಹಳದಿ

ಗಿನಿಪಿಗ್ಗುಗಳ ವಿಷಯದಲ್ಲಿ ಲಿಂಗಣ್ಣನಿಗೆ ಗೊತ್ತಿಲ್ಲದ ಸಂಗತಿ ಒಂದೇ ಒಂದು: ಅವು ಮುದಿಯಾದರೆ ಹೇಗಿರುತ್ತವೆ ಎಂಬುದು. ಉಳಿದದ್ದೆಲ್ಲ ಅವನಿಗೆ ಬಾಯಿಪಾಠ. ಯಾವುದಕ್ಕೆ ಹೊಟ್ಟೆ ಉಬ್ಬರಿಸಿದೆ, ಯಾವುದಕ್ಕೆ ಹಲ್ಲು ಬೆಳೆದು ತಿನ್ನಲು ಆಗುತ್ತಿಲ್ಲ, ಯಾವುದು ನಾಳೆ ಹುಲ್ಲು ಮುಟ್ಟುವುದಿಲ್ಲ ಎಂಬುದನ್ನು ಪಂಜರದ ಮುಂದೆ ಒಂದು ನಿಮಿಷ ನಿಂತು ಹೇಳಿಬಿಡುತ್ತಿದ್ದ. ಹೈದರಾಬಾದಿನ ಜೀಡಿಮೆಟ್ಲಾದಲ್ಲಿ ಔಷಧಿಗಳನ್ನು ಪರೀಕ್ಷೆ ಮಾಡಿಕೊಡುವ ಒಂದು ಕಂಪನಿಯ ಪ್ರಾಣಿಮನೆಯಲ್ಲಿ ಹನ್ನೆರಡು ವರ್ಷ ಅಟೆಂಡರ್ ಆಗಿ ದುಡಿದವನು. ಸೇಡಂ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದವನನ್ನು ಮೇಸ್ತ್ರಿಯೊಬ್ಬ ಅಲ್ಲಿಗೆ ಸೇರಿಸಿದ್ದ. ಗಾರೆಗಿಂತ ಇದು ನೆರಳಿನ ಕೆಲಸ, ಮೇಲಾಗಿ ಏಸಿ. "ನಿಮ್ಮ ಇಲಿಗೋಳಿಗೆ ಏಸಿ, ನಮಗ ತಗಡು" ಎಂದು ಹೆಂಡತಿ ಸುಗಲಮ್ಮ ಆಗಾಗ ಚುಚ್ಚುತ್ತಿದ್ದಳು.

ಬಿಳಿ ಮೈ, ಕೆಂಪು ಕಣ್ಣಿನ ಪ್ರಾಣಿಗಳು ಅವು. ಒಂದನ್ನು ಕಂಡರೆ ಇನ್ನೊಂದನ್ನು ಕಾಣಬೇಕಿಲ್ಲ. ಅದಕ್ಕೇ ಗುರುತಿಗೆಂದು ಹಳದಿ ಬಣ್ಣ ಹಚ್ಚುತ್ತಿದ್ದರು. ಒಂದಕ್ಕೆ ತಲೆಗೆ, ಒಂದಕ್ಕೆ ಬೆನ್ನಿಗೆ, ಒಂದಕ್ಕೆ ಸೊಂಟಕ್ಕೆ. ಬಣ್ಣ ಹಚ್ಚುವವನು ಲಿಂಗಣ್ಣ. ತೂಕ ಮಾಡುವವನು, ಸೂಜಿ ಚುಚ್ಚುವಾಗ ಮಿಸುಕದಂತೆ ಹಿಡಿಯುವವನು, ಕೊನೆಯ ದಿನ ಎತ್ತಿಕೊಂಡು ಕೊಲ್ಲುವ ಕೋಣೆಗೆ ಒಯ್ಯುವವನೂ ಲಿಂಗಣ್ಣನೇ. ನಲವತ್ತು ದಿನದ ಪರೀಕ್ಷೆಯಾದರೆ ನಲವತ್ತನೆಯ ದಿನ, ತೊಂಬತ್ತರದ್ದಾದರೆ ತೊಂಬತ್ತನೆಯ ದಿನ ಎಲ್ಲ ಮುಗಿಯುತ್ತಿತ್ತು. ರಿಜಿಸ್ಟರಿನಲ್ಲಿ 'ಸ್ಯಾಕ್ರಿಫೈಸ್' ಎಂದು ಬರೆದು ಅವನ ಸಹಿ ಹಾಕಿಸಿಕೊಳ್ಳುತ್ತಿದ್ದರು. ಹಾಗೆಂದರೆ ಬಲಿ ಎಂದು ಯಾರೋ ಬಿಡಿಸಿ ಹೇಳಿದ ದಿನ ಲಿಂಗಣ್ಣನಿಗೆ ಮೈಯೆಲ್ಲ ಉರಿದಿತ್ತು. ಊರಲ್ಲಿ ಬಲಿ ಕೊಟ್ಟರೆ ಎದುರಿಗೊಬ್ಬಳು ದೇವಿಯಾದರೂ ಇರುತ್ತಾಳೆ, ಹರಕೆ ಹೊತ್ತವನೊಬ್ಬನಾದರೂ ಇರುತ್ತಾನೆ. ಇಲ್ಲಿ ಇದ್ದದ್ದು ಹೆಣ ತುಂಬುವ ಒಂದು ಹಳದಿ ಪ್ಲಾಸ್ಟಿಕ್ ಚೀಲ, ಮತ್ತೆ ಅವನ ಸಹಿ.

"ಒಂದ ಒಂದು ಗಿನ್ನಿ ಮುದುಕಿ ಆಗಿ, ತನ್ನ ಪಾಡಿಗೆ ತಾ ಸಾಯೂದು ನೋಡಬೇಕು ನೋಡು" ಎಂದು ಒಮ್ಮೆ ಊಟಕ್ಕೆ ಕೂತಾಗ ಅಂದಿದ್ದ. ಎಲ್ಲದಕ್ಕೂ ಕೊಂಕು ತೆಗೆಯುವ ಸುಗಲಮ್ಮ ಅವತ್ತು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ದಳು.

ಹೈದರಾಬಾದಿನ ಪಶ್ಚಿಮಕ್ಕೆ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಕಂಪನಿಯವರು ಕೂಡ ಅತ್ತ ಹೋಗುವ ದೊಡ್ಡ ಆಲೋಚನೆ ಮಾಡಿ ಪ್ರಾಣಿಮನೆಯನ್ನು ಮುಚ್ಚಿದರು. ಆದೇಶ ಬಂದದ್ದು ಮಂಗಳವಾರ. ಗುರುವಾರ ಬಲಿಯಾಗಬೇಕಿದ್ದ ಹದಿನಾಲ್ಕು ಗಿನಿಪಿಗ್ಗುಗಳು ಎರಡು ದಿನದ ಅಂತರದಲ್ಲಿ ಸಾವು ತಪ್ಪಿಸಿಕೊಂಡವು. ಪ್ರಾಣಿಗಳನ್ನು ಪಾರುಮಾಡುವ ತಂಡವೊಂದರ ಹುಡುಗ ಹುಡುಗಿಯರು ರಟ್ಟಿನ ಡಬ್ಬಿಗಳನ್ನೂ ಫೋನುಗಳನ್ನೂ ಹಿಡಿದು ಬಂದರು. ಲಿಂಗಣ್ಣ ಒಂದೊಂದನ್ನೇ ಎತ್ತಿ ಡಬ್ಬಿಗೆ ಬಿಟ್ಟ. ಅದರ ವಿಡಿಯೊ ಊರೆಲ್ಲ ಓಡಾಡಿತು. ಅದರಲ್ಲಿ ಅವನ ಮುಖವಿಲ್ಲ, ಮೊಣಕೈವರೆಗಿನ ಎರಡು ಕೈ ಮಾತ್ರ. ಮೇಲೆ 'ನರಕದಿಂದ ಬಿಡುಗಡೆ' ಎಂಬ ಶೀರ್ಷಿಕೆ. ತಿಂಗಳಾಗುವುದರಲ್ಲಿ ಲಿಂಗಣ್ಣನಿಗೂ ಕೆಲಸದಿಂದ ಬಿಡುಗಡೆಯಾಯಿತು. ಅದರ ವಿಡಿಯೊ ಯಾರೂ ತೆಗೆಯಲಿಲ್ಲ. ಕೂಕಟ್‌ಪಲ್ಲಿಯ ಒಂದು ಬಟ್ಟೆ ಅಂಗಡಿಯ ಬಾಗಿಲಲ್ಲಿ ಸೆಕ್ಯುರಿಟಿಯಾಗಿ ನಿಂತ.

ಅಪೂರ್ವಾಳ ಫೋನು ಬಂದದ್ದು ಆ ದಿನಗಳಲ್ಲೇ. ಮೈಸೂರಿನ ಹುಡುಗಿ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಕೂಕಟ್‌ಪಲ್ಲಿಯಲ್ಲಿ ಫ್ಲ್ಯಾಟು. ಪಾರಾದ ಪ್ರಾಣಿಗಳಿಗೆ ಕಾಯಂ ಮನೆ ಸಿಗುವ ತನಕ ಅವನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವವರನ್ನು ಆ ತಂಡದಲ್ಲಿ 'ಫಾಸ್ಟರ್' ಎನ್ನುತ್ತಿದ್ದರು. ಅವಳ ಪಾಲಿಗೆ ಆಗಷ್ಟೇ ನಾಲ್ಕು ಬಂದಿದ್ದವು. ಎರಡು ದಿನದಿಂದ ಹುಲ್ಲು ಮುಟ್ಟಿಲ್ಲವೆಂದು ಗಾಬರಿಯಾಗಿ, ಕಂಪನಿಯವರನ್ನು ಕಾಡಿ ಅವನ ನಂಬರು ತೆಗೆದುಕೊಂಡಿದ್ದಳು. ಹಿಂದಿಯಲ್ಲಿ ಶುರುವಾದ ಮಾತು ನಾಲ್ಕನೆಯ ವಾಕ್ಯಕ್ಕೆ ಕನ್ನಡಕ್ಕೆ ಬಂತು.

"ಅಯ್ಯೋ ನೀವು ಕನ್ನಡದವ್ರಾ? ಸದ್ಯ! ಒಂದ್ಸಲ ಬಂದು ನೋಡ್ತೀರಾ ಪ್ಲೀಸ್?"

ಹೋಗಿ ನೋಡಿದರೆ ಪಂಜರವನ್ನು ಬಾಲ್ಕನಿಯ ಬಿಸಿಲಿಗೆ ಇಟ್ಟಿದ್ದಾಳೆ. ಪಾಪ, ಬೆಳಕು ಗಾಳಿ ಸಿಗಲೆಂದು.

"ಇವು ಹುಟ್ಟಿದಾಗಿಂದ ಸೂರ್ಯನ್ನ ನೋಡೇ ಇಲ್ಲರಿ ಮೇಡಂ. ಅಂಜ್ಯಾವ" ಎಂದ ಲಿಂಗಣ್ಣ. ಪಂಜರವನ್ನು ಒಳಗಿನ ಮೂಲೆಗೆ ಎಳೆದು, ಅರ್ಧಕ್ಕೆ ಬೆಡ್‌ಶೀಟ್ ಹೊದಿಸಿ, ಚೀಲದಲ್ಲಿ ತಂದಿದ್ದ ತನ್ನ ಹಳೆಯ ಪ್ರಾಣಿಮನೆಯ ನೀಲಿ ಕೋಟನ್ನು ಮಡಿಸಿ ಒಳಗಿಟ್ಟ. ಪರಿಚಯದ ವಾಸನೆಗೆ ನಾಲ್ಕೂ ಬಂದು ಅದರ ಮೇಲೆ ಕೂತವು. ಹತ್ತು ನಿಮಿಷಕ್ಕೆ ಹುಲ್ಲು ಎಳೆಯತೊಡಗಿದವು. ಅಪೂರ್ವಾ ಚಪ್ಪಾಳೆ ತಟ್ಟಿ, ಕಾಗದದ ಲೋಟದಲ್ಲಿ ಕಾಫಿ ಕೊಟ್ಟಳು.

ಅಂದಿನಿಂದ ವಾರದ ರಜೆಯ ದಿನ ಅವನು ಅಲ್ಲಿಗೆ ಹೋಗುವುದು ರೂಢಿಯಾಯಿತು. ಉಗುರು ಕತ್ತರಿಸಿ, ಪಂಜರ ತೊಳೆದು, ಇವಕ್ಕೆ ದಿನಾ ದೊಣ್ಣೆ ಮೆಣಸಿನಕಾಯಿಯೋ ನೆಲ್ಲಿಕಾಯಿಯೋ ಬೇಕೇ ಬೇಕು, ಇಲ್ಲದಿದ್ದರೆ ಕಾಲು ಬಿದ್ದುಹೋಗುತ್ತವೆ ಎಂದು ಹೇಳಿಕೊಟ್ಟ. ಆ ನಾಲ್ಕರಲ್ಲಿ ಒಂದರ ಬೆನ್ನಿನ ಮೇಲೆ ಮಾಸಿದ ಹಳದಿಯಿತ್ತು. ಪ್ರಾಣಿಮನೆಯಲ್ಲಿ ತೂಕದ ತಟ್ಟೆಯಿಂದ ಎತ್ತಿದ ಕೂಡಲೇ ಅವನ ತೋಳಿನೊಳಗೆ ಮೂತಿ ತೂರಿಸುತ್ತಿದ್ದ, ನಾಲ್ಕನೆಯ ಪಂಜರದ ಹೆಣ್ಣು. ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ಸಾಕು, ಸೊಪ್ಪು ಬಂತೆಂದು ಸಿಳ್ಳೆ ಹೊಡೆದಂತೆ ಕಿರುಚುತ್ತಿತ್ತು. ಅಪೂರ್ವಾ ಅದನ್ನು 'ಕುಕೀ' ಎನ್ನುತ್ತಿದ್ದಳು. ಲಿಂಗಣ್ಣನಿಗೆ ಅದು ಬೆನ್ನುಹಳದಿ.

"ಇದನ್ನ, ಇದರ ಜೋಡಿದನ್ನ, ನಂಗ ಕೊಡ್ತೀರೇನ್ರಿ?" ಎಂದು ಒಂದು ದಿನ ಕೇಳಿಯೇಬಿಟ್ಟ.

"ನಿಮಗಲ್ದೆ ಇನ್ಯಾರಿಗೆ ಲಿಂಗಣ್ಣೋರೇ! ಒಂದು ಫಾರ್ಮ್ ಇದೆ ಅಷ್ಟೇ, ಎಲ್ರೂ ತುಂಬಲೇಬೇಕು. ಬನ್ನಿ, ಈಗ್ಲೇ ತುಂಬೋಣ" ಎಂದು ಅಪೂರ್ವಾ ಲ್ಯಾಪ್‌ಟಾಪ್ ತೆರೆದಳು. ಇಂಗ್ಲಿಷಿನ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿ ಕೇಳುತ್ತ ಹೋದಳು. ಸ್ವಂತ ಮನೆಯೋ ಬಾಡಿಗೆಯೋ? ಬಾಡಿಗೆ, ಒಂದೇ ಕೋಣೆ. ಛಾವಣಿ? ತಗಡು. ಬೇಸಿಗೆಯಲ್ಲಿ ತಂಪಿಗೆ ಏನು ವ್ಯವಸ್ಥೆ?

"ತಗಡಿನ ಮ್ಯಾಲ ಹಸಿ ಗೋಣಿಚೀಲ ಹಾಕ್ತೀವ್ರಿ. ಭಾಳ ತಂಪ ಇರ್ತೈತಿ."

ಹಿಂದೆ ಗಿನಿಪಿಗ್ ಸಾಕಿದ ಅನುಭವ ಇದೆಯೇ? "ಹನ್ನೆರಡು ವರ್ಷ" ಎಂದಾಗ ಇಬ್ಬರೂ ನಕ್ಕರು. ಅದರ ಕೆಳಗಿನ ಪ್ರಶ್ನೆಗೆ ಬಂದಾಗ ಅಪೂರ್ವಾಳ ನಗು ನಿಂತಿತು.

"ಹಿಂದೆ ಸಾಕಿದ ಪ್ರಾಣಿಗಳು ಈಗ ಎಲ್ಲಿವೆ, ಏನಾದವು ಅಂತ ಕೇಳ್ತಿದಾರೆ. ಇದನ್ನ ಖಾಲಿ ಬಿಟ್ಬಿಡ್ಲಾ?"

"ಯಾಕ್ರಿ? ಇದ್ದದ್ದ ಬರೀರಿ. ಎಲ್ಲಾ ಸತ್ತು ಅಂತ ಬರೀರಿ. ಸುಳ್ಳ ಹೇಳಿ ಜೀವ ತರಬಾರದು."

ಅವಳು ಬರೆದಳು. ಕೊನೆಯದೊಂದು ಪ್ರಶ್ನೆ ಉಳಿದಿತ್ತು. ಪ್ರಾಣಿಯ ಬಗ್ಗೆ ತಿಳಿವಳಿಕೆ ಎಷ್ಟಿದೆ ಎಂದು ಅಳೆಯುವ ಸುಲಭದ ಪ್ರಶ್ನೆ: ಗಿನಿಪಿಗ್ ಸಾಮಾನ್ಯವಾಗಿ ಎಷ್ಟು ಕಾಲ ಬದುಕುತ್ತದೆ?

"ತೊಂಬತ್ತು ದಿನ" ಎಂದ ಲಿಂಗಣ್ಣ.

ಯೋಚಿಸಿ ಹೇಳಿದ ಉತ್ತರವಲ್ಲ ಅದು. ಹೆಸರೇನು ಎಂದರೆ ಹೆಸರು ಹೇಳುವ ಹಾಗೆ ಬಾಯಿಗೆ ಬಂದದ್ದು. ಅಪೂರ್ವಾ ಪರದೆಯಿಂದ ತಲೆಯೆತ್ತಿದಳು.

"ಐದಾರು ವರ್ಷ ಲಿಂಗಣ್ಣೋರೇ. ಚೆನ್ನಾಗಿ ನೋಡ್ಕೊಂಡ್ರೆ ಎಂಟು ವರ್ಷಾನೂ ಇರ್ತವೆ."

ಎಂಟು ವರ್ಷ! ಲಿಂಗಣ್ಣ ಬೆನ್ನುಹಳದಿಯ ಕಡೆ ನೋಡಿದ. ತಾನು ಎತ್ತಿಕೊಂಡು ಒಯ್ದ ಅಷ್ಟೂ ಪ್ರಾಣಿಗಳು, ಒಂದೊಂದಕ್ಕೂ ಎಂಟೆಂಟು ವರ್ಷ. ಅವನಿಗೆ ಕೂತಲ್ಲೇ ನಾಚಿಕೆಯಾಯಿತು, ಹನ್ನೆರಡು ವರ್ಷದಲ್ಲಿ ಒಂದು ಸಲವೂ ಕೇಳಿ ತಿಳಿದುಕೊಳ್ಳಲಿಲ್ಲವಲ್ಲ ಎಂದು. "ಹಂಗಿದ್ರ ನಾ ಹೇಳಿದ್ದ ಬರೀರಿ, ತಪ್ಪಾದ್ರೂ ಇರಲಿ" ಎಂದ. ಅವಳು ಏನು ಬರೆದಳೋ, ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಸತ್ಯಕ್ಕೆ ಸಾವಿಲ್ಲ ಅನ್ನುತ್ತಾರೆ. ಇರಬಹುದು, ಆದರೆ ಸತ್ಯಕ್ಕೆ ಗಿನಿಪಿಗ್ ಕೂಡ ಸಿಗುವುದಿಲ್ಲ. ಕೊಡುವ ಮೊದಲು ಯಾರಾದರೂ ಬಂದು ಮನೆ ನೋಡುವುದು ಆ ತಂಡದ ನಿಯಮ. ಸುಗಲಮ್ಮ ಎರಡು ತರಕಾರಿ ಕ್ರೇಟುಗಳನ್ನು ಜೋಡಿಸಿ, ನಡುವಿನ ಗೋಡೆ ಕುಯ್ದು, ಫಾರ್ಮಿನಲ್ಲಿ ಕೇಳಿದ್ದಕ್ಕಿಂತ ಒಂದು ಗೇಣು ದೊಡ್ಡದೇ ಗೂಡು ಮಾಡಿ, ಎರಡು ಭಾನುವಾರ ನೆಲ ಸಾರಿಸಿ ಕಾದಳು. ಯಾರೂ ಬರಲಿಲ್ಲ. ವಿಳಾಸ ಓದಿಯೇ ತಂಡದವರಿಗೆ ಮನೆ ನೋಡಿದಂತಾಗಿತ್ತು. ಮೂರನೆಯ ವಾರ ಅಪೂರ್ವಾ ಕಳಿಸಿದ ವಾಯ್ಸ್ ಮೆಸೇಜ್ ಬಂತು: "ನಂಗೆ ತುಂಬಾ ಬೇಜಾರಾಯ್ತು ಲಿಂಗಣ್ಣೋರೇ. ತಗಡಿನ ಮನೆಗೆ ಕೊಡಲ್ವಂತೆ. ಆಮೇಲೆ, ಲ್ಯಾಬಲ್ಲಿ ಇದ್ದೋರಿಗೆ ಕೊಡೋದು ಸರಿ ಹೋಗಲ್ಲ ಅಂತ ಗ್ರೂಪಲ್ಲಿ ಎಲ್ರೂ ಹೇಳಿದ್ರು." 'ಎಲ್ರೂ' ಎಂಬುದರಲ್ಲಿ ತಾನಿದ್ದಳೋ ಇಲ್ಲವೋ ಅವಳು ಹೇಳಲಿಲ್ಲ.

ಬೆನ್ನುಹಳದಿ ತನ್ನ ಜೋಡಿಯೊಂದಿಗೆ ಕೊಂಡಾಪುರದ ಒಂದು ಕುಟುಂಬಕ್ಕೆ ಹೋಯಿತು. ಸ್ವಂತ ಫ್ಲ್ಯಾಟು, ಎರಡು ಏಸಿ, ಮಗಳ ಹುಟ್ಟುಹಬ್ಬ. ಎಲ್ಲ ಪ್ರಶ್ನೆಗೂ ಸರಿಯುತ್ತರ ಬರೆದಿದ್ದರಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾಲ್ಕು ತಿಂಗಳಿಗೆ ಆ ಮನೆಯವರು ಪಂಜರವನ್ನು ಅಪೂರ್ವಾಳ ಬಾಗಿಲಿಗೆ ತಂದಿಟ್ಟು ಹೋದರು. ಜೋಡಿ ಸತ್ತಿತ್ತು. ಮಗಳಿಗೆ ಬೇಜಾರು ಬಂದ ಮೇಲೆ ಬರೀ ಅಂಗಡಿಯ ಕಾಳು ಹಾಕಿದ್ದರು. ಸೊಪ್ಪಿಲ್ಲ, ಕಾಯಿಲ್ಲ. ಬೆನ್ನುಹಳದಿಯ ಹಿಂಗಾಲು ಬಿದ್ದುಹೋಗಿದ್ದವು.

"ಡಾಕ್ಟ್ರು ಔಷಧಿ ಕೊಟ್ಟಿದಾರೆ, ಆದ್ರೆ ಎರಡು ಗಂಟೆಗೊಂದ್ಸಲ ಸಿರಿಂಜಲ್ಲಿ ತಿನ್ನಿಸ್ಬೇಕಂತೆ" ಎಂದು ಅಪೂರ್ವಾ ಫೋನಿನಲ್ಲಿ ಅತ್ತಳು. "ನಂಗೆ ಆಫೀಸು. ಉಳಿಯೋದು ಕಷ್ಟ ಅಂದ್ರು. ನೀವು ಇಟ್ಕೊತೀರಾ?"

"ಫಾರ್ಮ್?" ಎಂದು ಲಿಂಗಣ್ಣ ಕೇಳಿದ. ಕುಹಕಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ.

"ಇದಕ್ಕೆಲ್ಲ ಫಾರ್ಮ್ ಬೇಡ ಲಿಂಗಣ್ಣೋರೇ."

ಬದುಕುವ ಪ್ರಾಣಿಗೆ ನಾಲ್ಕು ಪುಟ ಪ್ರಶ್ನೆ, ಸಾಯುವ ಪ್ರಾಣಿಗೆ ಒಂದೂ ಇಲ್ಲ. ಲಿಂಗಣ್ಣ ಅಂಗಡಿಗೆ ರಜೆ ಹಾಕಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಜೀಡಿಮೆಟ್ಲಾದ ತನ್ನ ಮನೆಗೆ ತಂದ.

ಮೊದಲ ಸಲ ಸಿರಿಂಜು ತಿನ್ನಿಸಲು ಕೂತಾಗ, ಅವನು ಅಭ್ಯಾಸದಂತೆ ಹೆಬ್ಬೆರಳನ್ನು ಭುಜದ ಕೆಳಗಿಟ್ಟು ಹಿಡಿದ. ಬೆನ್ನುಹಳದಿ ತಟ್ಟನೆ ಕಲ್ಲಾಯಿತು. ಕಣ್ಣು ಹೊರಬಂದವು, ಉಸಿರು ನಿಂತಿತು. ಆ ಹಿಡಿತ ಅದಕ್ಕೆ ಗೊತ್ತಿತ್ತು. ಲಿಂಗಣ್ಣ ಕೈಬಿಟ್ಟ. ಬೇರೆ ಥರ ಹಿಡಿಯಲು ನೋಡಿದ, ಆದರೆ ಹನ್ನೆರಡು ವರ್ಷದಲ್ಲಿ ಅವನ ಕೈ ಕಲಿತದ್ದು ಅದೊಂದೇ. ತನ್ನ ಕೈಯನ್ನೇ ನೋಡುತ್ತ ಕೂತಿದ್ದವನ ಪಕ್ಕದಿಂದ ಸುಗಲಮ್ಮ ಪ್ರಾಣಿಯನ್ನು ಎತ್ತಿಕೊಂಡು ಸೆರಗಿನಲ್ಲಿ ಸುತ್ತಿದಳು.

"ಸರೀರಿ ಅತ್ತಾಗ. ನನಗ ಕೊಡ್ರಿ ಆ ಪಿಚಕಾರಿ."

ಹೀಗೆ ತಿನ್ನಿಸುವುದು ಸುಗಲಮ್ಮನ ಪಾಲಾಯಿತು. ಬೆಳಿಗ್ಗೆ ಕೂಕಟ್‌ಪಲ್ಲಿಯ ರಸ್ತೆ ಬದಿಗೆ ರೊಟ್ಟಿ ಮಾರಲು ಹೋಗುವಾಗಲೂ ಬುಟ್ಟಿಯಲ್ಲಿಟ್ಟುಕೊಂಡು ಒಯ್ದಳು. ನೆಲ್ಲಿಕಾಯಿ ಜಜ್ಜಿ ರಸ ಹಿಂಡಿದಳು. ಬೈಯುತ್ತಲೇ ಮಾಡಿದಳು. ಲಿಂಗಣ್ಣ ಗೋಣಿಚೀಲ ನೆನೆಸಿ ತಗಡಿನ ಮೇಲೆ ಹಾಕುತ್ತ, ಸೊಪ್ಪು ಸೋಸಿಡುತ್ತ, ದೂರದಿಂದ ನೋಡುತ್ತ ಇದ್ದ. ಹದಿನಾರನೆಯ ದಿನ ಬೆನ್ನುಹಳದಿ ಹಿಂಗಾಲು ಊರಿ ನಿಂತಿತು. ಇಪ್ಪತ್ತೆರಡನೆಯ ದಿನ ಕೊತ್ತಂಬರಿಯ ಚೀಲದ ಸದ್ದಿಗೆ ಇಡೀ ಓಣಿ ಕೇಳುವಂತೆ ಕಿರುಚಿತು. ಸುಗಲಮ್ಮ ಬಾಯಿ ಮುಚ್ಚಿಕೊಂಡು ನಕ್ಕಳು.

ಈ ಸುದ್ದಿ ಹೇಳಬೇಕೆಂದು ಲಿಂಗಣ್ಣ ಫೋನು ಕೈಗೆತ್ತಿಕೊಂಡಿದ್ದ. ಅಷ್ಟರಲ್ಲಿ ಅದೇ ರಿಂಗಾಯಿತು.

"ಹೇಗಿದಾಳೆ ಲಿಂಗಣ್ಣೋರೇ ಕುಕೀ? ಯಾಕ್ ಕೇಳ್ದೆ ಅಂದ್ರೆ, ಏನಾದ್ರೂ ಚೇತರಿಸ್ಕೊಂಡ್ರೆ ಇನ್ನೊಂದು ಮನೆಯವ್ರು ಕೇಳ್ತಿದಾರೆ. ನಾರಾಯಣಗೂಡದವ್ರು, ತುಂಬಾ ಒಳ್ಳೆ ಜನ. ಫಾರ್ಮ್ ಪಾಸಾಗಿದೆ. ಭಾನುವಾರ ಬಂದು ಕರ್ಕೊಂಡ್ ಹೋಗ್ತಾರೆ."

ಲಿಂಗಣ್ಣ ಗೂಡಿನ ಕಡೆ ನೋಡಿದ. ಬೆನ್ನುಹಳದಿ ಎರಡು ಕೈಯಲ್ಲಿ ಹಿಡಿದಂತೆ ದಂಟೊಂದನ್ನು ಒಳಗೆಳೆದುಕೊಳ್ಳುತ್ತಿತ್ತು.

"ಹೋತ್ರಿ ಮೇಡಂ" ಎಂದ. "ಮುಂಜಾನೆ ಜೀವ ಹೋತು."

ಅವಳು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕಿಕೊಳ್ಳತೊಡಗಿದ. ಹೇಗಾಯಿತು? ಫೋಟೊ ಇದೆಯೇ? ಡಾಕ್ಟರಿಗೆ ಯಾಕೆ ತೋರಿಸಲಿಲ್ಲ? ಅಪೂರ್ವಾ ಒಂದನ್ನೂ ಕೇಳಲಿಲ್ಲ.

"ನಂಗೆ ಗೊತ್ತಿತ್ತು" ಎಂದಳು ಮೆತ್ತಗೆ. "ಬೇಜಾರ್ ಮಾಡ್ಕೋಬೇಡಿ. ನಿಮ್ ಕೈಲಾದ್ದು ನೀವ್ ಮಾಡಿದ್ರಿ."

ಲಿಂಗಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ನಿಜವನ್ನು ನಾಲ್ಕು ಪುಟ ಬರೆದುಕೊಟ್ಟಾಗ ನಂಬದಿದ್ದವರು ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದರು. ಅವನ ಕೈಯಲ್ಲಿ ಒಂದು ಪ್ರಾಣಿ ಸತ್ತಿತೆಂದರೆ ಅದರಲ್ಲಿ ಕೇಳುವುದೇನಿದೆ?

"ಎಲ್ಲಿ ಮಣ್ಣು ಮಾಡಿದ್ರಿ?" ಎಂದಳು ಕಡೆಗೆ.

"ಇಲ್ಲೇ ಮನಿ ಹಿಂದ. ಬೇವಿನ ಗಿಡದ ಬುಡಕ್ಕ."

"ಭಾನುವಾರ ಬರ್ತೀನಿ. ಒಂದು ಗಿಡ ನೆಡ್ಬೇಕು."

ಬರುವುದಿಲ್ಲವೆಂದುಕೊಂಡಿದ್ದ. ಭಾನುವಾರ ಬೆಳಿಗ್ಗೆ ಹೊರಟೆನೆಂದು ವಾಯ್ಸ್ ಮೆಸೇಜು ಬಂದಾಗ ಗುದ್ದಲಿ ಹುಡುಕಿಕೊಂಡು ಓಡಿದ. ಬೇವಿನ ಬುಡದಲ್ಲಿ ಅಗೆದು ಮುಚ್ಚಿ ಕಾಲಿಂದ ತುಳಿದರೆ ನೆಲ ಮೊದಲಿನಷ್ಟೇ ಚಪ್ಪಟೆ. ಏನನ್ನೂ ಹೂಳದೆ ಗೋರಿ ಏಳುವುದಿಲ್ಲವೆಂದು ಅವನಿಗೇನು ಗೊತ್ತು, ಅವನು ಯಾವತ್ತೂ ಹೂತವನಲ್ಲ, ಹಳದಿ ಚೀಲಕ್ಕೆ ಹಾಕಿ ಕೊಟ್ಟವನು. ಒಳಗೆ ಹೋಗಿ, ಬೆನ್ನುಹಳದಿಯ ಡಬ್ಬಿಯಲ್ಲಿ ವಾಪಸು ಬಂದಿದ್ದ ಪ್ರಾಣಿಮನೆಯ ನೀಲಿ ಕೋಟು ತಂದು, ಉಂಡೆಮಾಡಿ ಗುಂಡಿಗಿಟ್ಟು ಮಣ್ಣೆಳೆದ. ಆಗ ಸರಿಯಾಗಿ ಉಬ್ಬಿತು.

ಅಪೂರ್ವಾ ಮಲ್ಲಿಗೆಯ ಸಸಿ ತಂದಿದ್ದಳು. ತಾನೇ ಕೂತು ಉಬ್ಬಿದ ಮಣ್ಣಿನ ಬದಿಗೆ ನೆಟ್ಟು, ತನ್ನ ಬಾಟಲಿಯ ನೀರು ಹಾಕಿದಳು. ನಿಜವಾಗಿಯೂ ಅತ್ತಳು, ಕೆಟ್ಟ ಹುಡುಗಿಯಲ್ಲ ಅವಳು. ಹತ್ತು ಹೆಜ್ಜೆಯಾಚೆ, ಬಾಗಿಲಿಗೆ ಇಳಿಬಿಟ್ಟ ಹಳೆಯ ಸೀರೆಯ ಹಿಂದೆ, ಸುಗಲಮ್ಮ ಬೆನ್ನುಹಳದಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೊತ್ತಂಬರಿಯ ಚೀಲ. ಅದು ಸ್ವಲ್ಪ ಸರಕ್ಕೆಂದರೂ ಎಲ್ಲ ಬಯಲಾಗುತ್ತಿತ್ತು. ಅವಳು ಉಸಿರನ್ನೂ ಅಳೆದು ಬಿಡುತ್ತಿದ್ದಳು.

ಎದ್ದು ಕೈ ಒರೆಸಿಕೊಂಡ ಅಪೂರ್ವಾಳಿಗೆ ಲಿಂಗಣ್ಣ ಹೇಳಬಾರದ್ದನ್ನು ಹೇಳಿದ.

"ಒಳಗ ಬರ್ರಿ ಮೇಡಂ. ಛಾ ಕುಡದು ಹೋಗ್ರಿ."

ಬಾಯಿತಪ್ಪಿ ಬಂದ ಮಾತಲ್ಲ, ಬಾಯಿಗೆ ಅದು ಬಿಟ್ಟು ಬೇರೆ ಬರುತ್ತಿರಲಿಲ್ಲ. ಅವನ ಸೀಮೆಯಲ್ಲಿ ಬಾಗಿಲಿಗೆ ಬಂದ ವೈರಿಯನ್ನೂ ಛಾ ಇಲ್ಲದೆ ಕಳಿಸುವುದಿಲ್ಲ, ಇವಳು ಸಾವಿಗೆ ಬಂದವಳು. ಆಡಿದ ಮೇಲೆ ಸೀರೆಯ ಹಿಂದೆ ಇರುವುದು ನೆನಪಾಯಿತು. ಆದರೆ ಅದರ ಬೆನ್ನಿಗೇ ಒಂದು ಆಸೆಯೂ ಎದ್ದಿತು: ಬರಲಿ. ಬಂದು ನೋಡಲಿ. ಸಾರಿಸಿದ ನೆಲ, ಒಂದು ಗೇಣು ಹೆಚ್ಚಿರುವ ಗೂಡು, ಸುಗಲಮ್ಮನ ಮಡಿಲು, ಎದ್ದು ನಿಂತ ಕಾಲು. ಎಲ್ಲ ನೋಡಿ ಆಮೇಲೆ ಬೇಕಾದರೆ ಎತ್ತಿಕೊಂಡು ಹೋಗಲಿ.

ಅಪೂರ್ವಾ ಫೋನು ನೋಡಿದಳು. "ಕ್ಯಾಬ್ ಕಾಯ್ತಾ ಇದೆ ಲಿಂಗಣ್ಣೋರೇ. ಇನ್ನೊಂದ್ಸಲ ಖಂಡಿತ ಬರ್ತೀನಿ." ಹೊರಟವಳು ತಗಡಿನ ಕಡೆಗೆ ಒಮ್ಮೆ ತಲೆಯೆತ್ತಿದಳು. "ಈ ಬಿಸಿಲಲ್ಲಿ, ಪಾಪ... ಅದಕ್ಕೇ ತಡ್ಕೊಳಕ್ಕಾಗಿಲ್ಲ ಅನ್ಸುತ್ತೆ."

ಲಿಂಗಣ್ಣ ಹೌದೆಂದು ತಲೆಯಾಡಿಸಿದ.

ಕ್ಯಾಬು ಓಣಿಯ ತಿರುವು ದಾಟಿದ ಮೇಲೆ ಒಳಗೆ ಚೀಲ ಬಿಚ್ಚಿದ ಸದ್ದಾಯಿತು. ಅದರ ಹಿಂದೆಯೇ ಬೆನ್ನುಹಳದಿಯ ಕಿರುಚಾಟ. ಸುಗಲಮ್ಮ ಸೀರೆ ಸರಿಸಿ ಹೊರಗೆ ಬಂದಳು.

"ಒಳಗ ಕರದ್ರಲ್ಲ, ನಿಮಗೇನ ತಲಿ ಕೆಟ್ಟಿತ್ತೇನು? ಬಂದಿದ್ರ ಏನ ಮಾಡ್ತಿದ್ರಿ?"

"ಬರ್ತಿದ್ದಿಲ್ಲ ಬಿಡು. ನಂಗ ಗೊತ್ತಿತ್ತು" ಎಂದ ಲಿಂಗಣ್ಣ.

ಗೊತ್ತಿರಲಿಲ್ಲ. ಇನ್ನು ಡಾಕ್ಟರಿಗೆ ತೋರಿಸುವಂತಿಲ್ಲ, ಜೋಡಿ ತರುವಂತಿಲ್ಲ, ಯಾರ ಮುಂದೂ ಹೇಳುವಂತಿಲ್ಲ. ಆದರೂ ಅದು ಮುದುಕಿಯಾಗುವುದನ್ನು ಅವನು ನೋಡಬಹುದು. ಕೇಳಿಕೊಂಡದ್ದು ಅಷ್ಟೇ ತಾನೆ. ಬೇವಿನ ಬುಡದ ಒದ್ದೆ ಮಣ್ಣಿನ ಮುಂದೆ ಅವನು ಕುಕ್ಕರುಗಾಲಲ್ಲಿ ಕೂತು, ಸುಗಲಮ್ಮನಿಗೆ ಮುಖ ಕಾಣದಂತೆ ಅತ್ತ. ಅಪೂರ್ವಾ ಒಳಗೆ ಬರಲಿಲ್ಲ, ಅದಕ್ಕೇ ಪ್ರಾಣಿ ಅವನ ಪಾಲಿಗೆ ಉಳಿಯಿತು. ಅವನು ಅತ್ತದ್ದು ಅವಳು ಬರಲಿಲ್ಲವಲ್ಲ ಎಂದೇ.